ತಣ್ಣಗೈತಿ ಎಂಬ ಏಳನೆಯ ನಿಯಮ

ಆ ವರ್ಷಗಳ ದಿನಚರಿ ನನ್ನ ಹತ್ತಿರ ಇನ್ನೂ ಇದೆ. ಅದನ್ನು ನಂಬಬೇಕೋ, ನನ್ನ ನೆನಪನ್ನು ನಂಬಬೇಕೋ ಎಂಬುದು ಮಾತ್ರ ಇತ್ಯರ್ಥವಾಗಿಲ್ಲ. ದಿನಚರಿ ಬರೆದವನು ಮೂವತ್ತು ತುಂಬದವನು. ಧಾರವಾಡದಲ್ಲಿ ಎಂ.ಎ. ಮಾಡಿ ಬಂದು, ತಾನು ಬರೆದದ್ದನ್ನು ಮುಂದೆ ಯಾರೋ ಓದುತ್ತಾರೆ ಎಂದು ಒಳಗೊಳಗೇ ಅಂದುಕೊಂಡಿದ್ದವನು. ನೆನಪಿಟ್ಟುಕೊಂಡವನು ಅವನ ನಂತರ ಬಂದ, ದಣಿದ ಮನುಷ್ಯ. ತಾವು ಒಳ್ಳೆಯವರಾಗಿ ಕಾಣಬೇಕೆಂಬ ಆಸೆ ಇಬ್ಬರಿಗೂ ಇತ್ತು. ಅದನ್ನು ಮೊದಲೇ ಹೇಳಿಬಿಡುವುದು ಲೇಸು.

ಎಪ್ಪತ್ತರ ದಶಕದ ಆ ನಡುವಿನ ವರ್ಷಗಳಲ್ಲಿ ನಾನು ಇಂಡಿಯಲ್ಲಿ, ಹತ್ತಿ ಬೆಳೆಯುವವರು ಕೂಡಿ ಕಟ್ಟಿಕೊಂಡ ಒಂದು ಸಹಕಾರಿ ಸಂಘದಲ್ಲಿ ಕಾರಕೂನನಾಗಿದ್ದೆ. ಸಂಘಕ್ಕೆ ನಾಲ್ಕು ಜಿನ್ನುಗಳಿದ್ದವು, ಅಂದರೆ ಹತ್ತಿಯಿಂದ ಕಾಳು ಬೇರೆ ಮಾಡಿ ಅರಳೆ ತೆಗೆಯುವ ಗಿರಣಿಗಳು. ಒಂದು ಇಂಡಿಯಲ್ಲಿ, ಉಳಿದವು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ. ನಾಲ್ಕರ ಕಟ್ಟೋಣವೂ ಹೆಚ್ಚುಕಡಿಮೆ ಒಂದೇ. ಯಂತ್ರಗಳ ಸಾಲಿನ ಕೆಳಗೆ ನೆಲದೊಳಗೆ ಒಂದು ಉದ್ದನೆಯ ಕಂದಕ. ಅದರ ಈ ತುದಿಯಿಂದ ಆ ತುದಿಗೆ ಕಬ್ಬಿಣದ ಶಾಫ್ಟು. ಗೋಡೆಯಾಚೆಯ ಕೋಣೆಯಲ್ಲಿ ಎಣ್ಣೆಯ ಇಂಜಿನ್ನು. ಇಂಜಿನ್ನು ಶಾಫ್ಟನ್ನು ತಿರುಗಿಸಿದರೆ, ಶಾಫ್ಟಿನಿಂದ ಮೇಲೆ ಹೋದ ಚರ್ಮದ ಪಟ್ಟಾಗಳು ಯಂತ್ರಗಳನ್ನು ತಿರುಗಿಸುತ್ತಿದ್ದವು. ಆ ಕಂದಕಕ್ಕೆ ಆಳುಗಳೆಲ್ಲ ಹಗೇವು ಅನ್ನುತ್ತಿದ್ದರು. ಮನೆಗಳಲ್ಲಿ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಹಗೇವಿನ ಹೆಸರೇ ಇದಕ್ಕೂ ಅಂಟಿಕೊಂಡಿತ್ತು.

ದಿನಾ ಮುಂಜಾನೆ ಎಣ್ಣೆ ಬಿಡುವವನು ಹಗೇವಿಗೆ ಇಳಿದು, ಶಾಫ್ಟು ಕೂತ ಕಡೆಗಳಿಗೆಲ್ಲ ಎಣ್ಣೆ ಹಾಕಿ, ಹರಿದ ಪಟ್ಟಾ ಇದ್ದರೆ ಹೊಲಿದು, ಮೇಲಕ್ಕೆ ಹತ್ತಿ ಬರಬೇಕು. ಅವನು ಒಳಗಿರುವಾಗ, ಗೋಡೆಯಾಚೆ ಇಂಜಿನ್ನು ನಡೆಸುವ ಮಿಸ್ತ್ರಿ ಅದನ್ನು ಚಾಲೂ ಮಾಡಬಾರದು. ಅಪಾಯ ಅಂದರೆ ಇಷ್ಟೇ. ಹೇಳಲು ಒಂದು ವಾಕ್ಯ ಸಾಕು. ಸಂಘಕ್ಕೆ ಹದಿನಾಲ್ಕು ನಿಯಮಗಳು ಬೇಕಾದವು, ಅವನ್ನು ಬರೆದವನು ನಾನು.

ಬರೆಯಬೇಕಾಗಿ ಬಂದದ್ದು ಹೀಗೆ. ಕಾರ್ಖಾನೆಗಳ ಇನ್ಸ್‌ಪೆಕ್ಟರು ಒಮ್ಮೆ ಬಂದು ನಾಲ್ಕೂ ಜಿನ್ನು ನೋಡಿ, ನಾಲ್ಕು ಕಡೆ ನಾಲ್ಕು ತರಹ ನಡೆದಿದೆ, ಒಂದು ಪದ್ಧತಿ ಎಂಬುದಿಲ್ಲ ಎಂದು ಬರೆದು ಹೋದರು. ನಮ್ಮ ಅಧ್ಯಕ್ಷರು ಚಡಚಣದ ಕಡೆಯ ಹೊಲಮನೆ ಉಳ್ಳ ಹಿರಿಯರು. ಕಾಗದ ಓದಿಸಿಕೊಂಡು ನನ್ನ ಕಡೆ ತಿರುಗಿದರು.

"ಕಾರಕೂನರ, ನೀವು ಎಂ.ಎ. ಕಲ್ತೀರಲ್ಲ, ಯಾವುದರಾಗ?"

"ಕನ್ನಡದಾಗ್ರೀ."

"ಮತ್ತ ಕನ್ನಡದಾಗ ಬರೀರಿ. ಜಿನ್ನಿನ ಮಂದಿಗೆ ತಿಳೀಬೇಕು, ಇನ್ಸ್‌ಪೆಕ್ಟರಿಗೆ ತಿಳೀದಿದ್ರೂ ನಡೀತೈತಿ."

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ಒಂದು ಬೇಸಿಗೆ ಪೂರ್ತಿ ಬಸ್ಸುಗಳಲ್ಲಿ ಕಳೆಯಿತು. ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸು ಹೂವಿನ ಹಿಪ್ಪರಗಿಯಲ್ಲಿ ನಿಂತರೆ ಹೊರಡುವ ಮಾತೇ ಇರಲಿಲ್ಲ. ಧೂಳು ಕಾಗದದ ಮೇಲೆಲ್ಲ ಕೂತು, ಬರೆದದ್ದನ್ನು ಊದಿ ಓದಬೇಕಾಗುತ್ತಿತ್ತು. ಆ ಬೇಸಿಗೆಯ ಪುಟಗಳಲ್ಲಿ ಉತ್ಸಾಹ ಕಾಣುತ್ತದೆ, ನೆನಪಿನಲ್ಲಿ ಬೆನ್ನುನೋವು ಮಾತ್ರ ಉಳಿದಿದೆ.

ನಾಲ್ಕು ಕಡೆಯ ರೂಢಿಗಳನ್ನು ಮೊದಲು ಬರೆದುಕೊಂಡೆ. ಇಂಡಿಯಲ್ಲಿ ಒಂದು ರೈಲು ಹಳಿಯ ತುಂಡು ನೇತುಹಾಕಿದ್ದರು, ಇಳಿಯುವವನು ಅದಕ್ಕೆ ಎರಡೇಟು ಹಾಕಿ ಇಳಿಯುತ್ತಿದ್ದ, ಹತ್ತಿ ಬಂದು ಮೂರೇಟು. ಬಾಗೇವಾಡಿಯಲ್ಲಿ ಇಂಜಿನ್ನಿನ ಮೇಲೆ ಕೆಂಪು ಅರಿವೆ ಹಾಕುತ್ತಿದ್ದರು. ಮುದ್ದೇಬಿಹಾಳದಲ್ಲಿ ಗೋಡೆಯಲ್ಲಿ ಒಂದು ಕಿಂಡಿ, ಅದರಲ್ಲಿ ಒದರಿ ಹೇಳುವುದು. ಸಿಂದಗಿಯಲ್ಲಿ ಇದ್ಯಾವುದೂ ಇಲ್ಲ. ಅಲ್ಲಿಯ ಮಿಸ್ತ್ರಿ ಇಂಜಿನ್ನಿಗೆ ಕೈ ಹಚ್ಚುವ ಮುಂಚೆ ತಾನೇ ಎದ್ದು ಹೋಗಿ ಹಗೇವಿನ ಬಾಯಲ್ಲಿ ಬಗ್ಗಿ ನೋಡುತ್ತಿದ್ದ. ಇದಕ್ಕೇನು ನಿಯಮ ಎಂದು ಕೇಳಿದರೆ, "ಕಣ್ಣ ಐತೆಲ್ಲರೀ" ಅಂದ. ಆ ದಿನ ನಾನು ಬರೆದ ಸಾಲು ಇದು: "ಸಿಂದಗಿಯದು ಪದ್ಧತಿಯಲ್ಲ, ಒಬ್ಬ ಮನುಷ್ಯನ ಸ್ವಭಾವ. ಇದನ್ನು ಬರೆಯಲಾಗದು." ಈ ಸಾಲನ್ನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಮುಂಬೈ ಕಡೆಯ ಯಾವುದೋ ಗಿರಣಿಯ ಇಂಗ್ಲಿಷ್ ನಿಯಮಪುಸ್ತಕವೊಂದು ಸಂಘದ ಕಪಾಟಿನಲ್ಲಿತ್ತು. ಅದರಲ್ಲಿ ನಿಂತ ಯಂತ್ರಕ್ಕೆ ಸತ್ತ ಯಂತ್ರ ಎಂದೂ, ನಡೆಯುತ್ತಿರುವುದಕ್ಕೆ ಜೀವಂತ ಎಂದೂ ಇತ್ತು. ಸೀಸನ್ನಿನಲ್ಲಿ ಆಳುಗಳು ಈ ಜಿನ್ನಿನಿಂದ ಆ ಜಿನ್ನಿಗೆ ಹೋಗಿಬರುತ್ತಿದ್ದರಿಂದ ನಾಲ್ಕೂ ಕಡೆ ಒಂದೇ ಕೂಗು ಇರಲಿ ಎಂದು ನಾನು ತೀರ್ಮಾನಿಸಿದೆ. ಗಂಟೆ ಒಡೆಯಬಹುದು, ಅರಿವೆ ಹಾರಬಹುದು, ಮಾತು ಮಾತ್ರ ಎಲ್ಲರ ಬಾಯಲ್ಲೂ ಇರುತ್ತದೆ. ಕನ್ನಡ ಓದಿದವನ ತರ್ಕ ಅದು. ಮೊದಲ ಕರಡಿನ ಏಳನೆಯ ನಿಯಮ ಹೀಗಿತ್ತು: ಹಗೇವಿಗೆ ಇಳಿದವನು, ಶಾಫ್ಟು ನಿಂತಿದೆ, ತಾನು ಒಳಗಿದ್ದಾನೆ ಎಂಬುದಕ್ಕೆ "ಸತ್ತಿದೆ" ಎಂದು ಕೂಗಬೇಕು. ಕೆಲಸ ಮುಗಿಸಿ ಹೊರಬಂದವನು "ಬಿಡು" ಎಂದು ಕೂಗಬೇಕು.

ಇದನ್ನು ಓದಿಹೇಳಲು ಮುದ್ದೇಬಿಹಾಳಕ್ಕೆ ಹೋದೆ. ಅಲ್ಲಿಯ ಎಣ್ಣೆ ಬಿಡುವವನು ಕುರಿ ಕಾಯುವ ಮನೆತನದವನು, ಅಂದು ಇಪ್ಪತ್ತೈದರ ಆಜುಬಾಜು. ಮಿಸ್ತ್ರಿ ಐವತ್ತು ದಾಟಿದವನು, ಕಡಿಮೆ ಮಾತು. ಹೆಣ್ಣಾಳುಗಳ ಮೇಲೆ ಒಬ್ಬ ಮುಕಾದಮ ಬಾಯಿ ಇದ್ದಳು, ಅವಳದು ಜಾಸ್ತಿ ಮಾತು. ನಾನು ಏಳನೆಯ ನಿಯಮ ಓದುತ್ತಿದ್ದಂತೆ ಅವಳೇ ಬಾಯಿ ಹಾಕಿದಳು.

"ಏನಂದ್ರಿ? ಮುಂಜಾನೆದ್ದು ಸತ್ತೈತಿ ಅಂತ ಒದರಬೇಕಾ? ಈಗ ಊದಿನಕಡ್ಡಿ ಹಚ್ಚಿ ಕೈ ಮುಗದೇವಲ್ರೀ ಅದಕ್ಕ!"

ಎಣ್ಣೆಯವ ಅಂದ, "ನಮ್ಮವ್ವ ಕೇಳಿದ್ಲಂದ್ರ ನನ್ನ ಕೆಲಸಾನ ಬಿಡಸ್ತಾಳ್ರೀ. ದೀಪಾ ಆರಿಸು ಅಂದ್ರ ಬೈತಾಳ, ಶಾಂತ ಮಾಡು ಅನ್ನಬೇಕು."

"ಹಂಗಾದ್ರ ನೀವು ನಿಂತದ್ದಕ್ಕ ಏನಂತೀರಿ?" ಎಂದು ಕೇಳಿದೆ.

"ತಣ್ಣಗೈತಿ ಅಂತೇವಿ," ಅಂದ ಅವನು. "ಇಂಜಿನ್ ತಣ್ಣಗ ಕುಂತೈತಿ, ಶಾಪ್ಟು ತಣ್ಣಗೈತಿ."

ಹೀಗೆ ಹೇಳಿದವನು ಅವನೇ ಎಂದು ದಿನಚರಿ ಹೇಳುತ್ತದೆ. ನನ್ನ ನೆನಪಿನಲ್ಲಿ ಮಿಸ್ತ್ರಿ ಹೇಳಿದಂತಿದೆ. ಮಿಸ್ತ್ರಿ ಹೇಳಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಆದ್ದರಿಂದ ದಿನಚರಿಯದೇ ಸರಿ ಇರಬೇಕು. ಯಾರು ಹೇಳಿದ್ದರೂ ಅದನ್ನು ನಿಯಮಕ್ಕೆ ಏರಿಸಿದವನು ನಾನು. "ಸತ್ತಿದೆ" ಹೊಡೆದುಹಾಕಿ "ತಣ್ಣಗೈತಿ" ಎಂದು ಬರೆದೆ. ಮೇಲಿನಿಂದ ಇಳಿದುಬಂದ ನಿಯಮವಲ್ಲ, ಮಂದಿಯ ಬಾಯಿಂದಲೇ ಬಂದದ್ದು ಎಂದು ಆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಬಹಳ ಹಿಗ್ಗಿದ್ದೆ. ಹದಿನಾಲ್ಕು ನಿಯಮಗಳನ್ನು ಅಚ್ಚು ಹಾಕಿಸಿ, ರಟ್ಟಿಗೆ ಅಂಟಿಸಿ ನಾಲ್ಕೂ ಕಡೆ ತೂಗುಹಾಕಿದೆವು. ಓದಲು ಬಾರದವರಿಗೆ ಓದಿ ಹೇಳಿದೆವು. ಇನ್ಸ್‌ಪೆಕ್ಟರು ಮೆಚ್ಚಿ ಬರೆದರು. ಹಳಿಯ ತುಂಡು, ಕೆಂಪು ಅರಿವೆ ಎರಡೂ ಹೋದವು. ಸಿಂದಗಿಯ ಮಿಸ್ತ್ರಿಗೆ ಎದ್ದು ಹೋಗಿ ಬಗ್ಗಿ ನೋಡುವ ಕಾರಣವೇ ಇಲ್ಲವೆಂದು ನಾನೇ ತಿಳಿಸಿ ಬಂದೆ.

ಆದರೆ ನಮ್ಮ ಕಡೆ ತಣ್ಣಗೈತಿ ಎಂಬ ಮಾತಿಗೆ ಇನ್ನೊಂದು ಬಳಕೆ ಇದೆ. ಅದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಾನು ಇದೇ ನೆಲದವನು, ದಿನಕ್ಕೆ ನಾಲ್ಕು ಸಲ ಅದನ್ನು ಆಡುವವನು. ಊರಿಂದ ಬಂದವರನ್ನು ಮನೆಯಲ್ಲಿ ಹ್ಯಾಂಗದಾರ ಎಂದು ಕೇಳಿದರೆ, ಎಲ್ಲಾ ತಣ್ಣಗ ಅದಾರ ಅನ್ನುತ್ತಾರೆ. ಕೆಲಸ ಹೇಗಾಯಿತು ಎಂದು ಕೇಳಿದರೆ, ಎಲ್ಲಾ ತಣ್ಣಗಾತು. ಅಂದರೆ ಸುಸೂತ್ರ, ಚಿಂತೆಯಿಲ್ಲ, ಮುಂದೆ ನಡೆಯಬಹುದು. ಯಂತ್ರದ ಮುಂದೆ ನಿಂತಾಗ ನನಗೆ ಆ ಅರ್ಥ ಹೊಳೆಯಲಿಲ್ಲ, ಅಷ್ಟೇ. ಇದನ್ನು ಮರೆವು ಅನ್ನಬೇಕೋ ಬೇರೆ ಏನಾದರೂ ಅನ್ನಬೇಕೋ ತಿಳಿದಿಲ್ಲ.

ಎರಡನೆಯ ಸೀಸನ್ನಿನಲ್ಲಿ ಅದು ನಡೆಯಿತು. ಮುದ್ದೇಬಿಹಾಳದ ಎಣ್ಣೆಯವ ಮುಂಜಾನೆ ಹಗೇವಿಗೆ ಇಳಿದು, ನಿಯಮದಂತೆ ಕಿಂಡಿಯ ಕಡೆ ತಿರುಗಿ "ತಣ್ಣಗೈತಿ" ಎಂದು ಕೂಗಿದ. ಆಗ ಮಿಸ್ತ್ರಿ ನೀರು ತರಲು ಹೊರಗೆ ಹೋಗಿದ್ದ, ಆ ಕೂಗು ಅವನಿಗೆ ಕೇಳಲಿಲ್ಲ. ತಿರುಗಿ ಬಂದವನು, ಎಣ್ಣೆ ಹಾಕುವುದು ಮುಗಿದಿರಬೇಕೆಂದು ಕಿಂಡಿಯಲ್ಲಿ ಬಾಯಿಟ್ಟು ಕೇಳಿದ, "ಹ್ಯಾಂಗೈತೋ ಅಳಿಯಾ?" ಸಂಬಂಧವಿಲ್ಲದಿದ್ದರೂ ಅವರಿಬ್ಬರದು ಮಾವ ಅಳಿಯ ಎಂಬ ಚೇಷ್ಟೆ. ಒಳಗಿದ್ದವನು ನಿಯಮದ ಪ್ರಕಾರ ಮತ್ತೊಮ್ಮೆ ಹೇಳಿದ, "ಎಲ್ಲಾ ತಣ್ಣಗೈತೋ ಮಾವಾ!" ದನಿ ಹಗೇವಿನಿಂದ ಬಂತೋ ಮೇಲಿನಿಂದ ಬಂತೋ ಕಿಂಡಿಯಲ್ಲಿ ತಿಳಿಯುತ್ತಿರಲಿಲ್ಲ. ಮಿಸ್ತ್ರಿಗೆ ಅದು ಕೇಳಿಸಿದ್ದು ಮನೆಯ ಮಾತಾಗಿ: ಎಲ್ಲ ಸುಸೂತ್ರ, ಆಯಿತು. "ಬಿಡು" ಎಂಬ ಕೂಗಿಗೆ ಅವನು ಕಾಯಬೇಕಿತ್ತು, ಆದರೆ ತಾನು ನೀರಿಗೆ ಹೋದಾಗಲೇ ಹುಡುಗ ಅದನ್ನು ಕೂಗಿರಬೇಕು ಅಂದುಕೊಂಡ. ಹ್ಯಾಂಡಲ್ ಹಾಕಿ ತಿರುಗಿಸಿದ. ಇಂಜಿನ್ನು ಕೆಮ್ಮಿ ಹೊತ್ತಿಕೊಂಡಿತು.

ಎಣ್ಣೆಯವನ ಅಂಗಿಯ ತೋಳು ಪಟ್ಟಾದಲ್ಲಿ ಸಿಕ್ಕಿತು. ಚೀರಿದ ದನಿ ಕೇಳಿ ಮಿಸ್ತ್ರಿ ಇಂಜಿನ್ನು ನಿಲ್ಲಿಸುವುದರೊಳಗೆ ಬಲಗೈ ಮೊಣಕೈಯ ಕೆಳಗೆ ಎರಡು ಕಡೆ ಮುರಿದಿತ್ತು. ಜೀವ ಉಳಿಯಿತು. ಕೈ ಕೂಡಿಕೊಂಡಿತು, ಆದರೆ ಕೊನೆಯವರೆಗೂ ನೆಟ್ಟಗಾಗಲಿಲ್ಲ.

ಸಂಘ ಅದೇ ವಾರ ಮಿಸ್ತ್ರಿಯನ್ನು ಮನೆಯಲ್ಲಿ ಕೂರಿಸಿತು. ಇನ್ಸ್‌ಪೆಕ್ಟರಿಗೆ ವರದಿ ಹೋಗಬೇಕು, ಬರೆಯುವವನು ನಾನೇ. ಅಧ್ಯಕ್ಷರು ನನ್ನನ್ನು ಕರೆದು ಕೂರಿಸಿ ಮೆಲ್ಲಗೆ ಹೇಳಿದರು.

"ಉದ್ದ ಬರೀಬ್ಯಾಡ್ರಿ. ಅವರಿಗೆ ಒಂದ ಹೆಸರು ಬೇಕು. ಬಿಡು ಅನ್ನೋದರೊಳಗ ಚಾಲೂ ಮಾಡ್ಯಾನ, ನಿಯಮ ಮುರದಾನ, ಕೆಲಸದಿಂದ ತಗದೇವಿ. ಮುಗೀತು."

"ನಿಯಮದಾಗ ತಪ್ಪಿದ್ರ?"

"ನಿಯಮ ಬರದವರು ನೀವ ಅಲ್ಲೇನು?" ಅಂದರು. ಹೆದರಿಸಲು ಹೇಳಿದ್ದಲ್ಲ. ನನ್ನನ್ನು ಉಳಿಸಲೆಂದೇ ಹೇಳಿದ್ದರು, ಅದು ಇನ್ನೂ ಭಾರವಾಯಿತು.

ಮುದ್ದೇಬಿಹಾಳಕ್ಕೆ ಹೋದೆ. ಮಿಸ್ತ್ರಿ ಮನೆಯ ಕಟ್ಟೆಯ ಮೇಲೆ ಕೂತಿದ್ದ. ನನಗೆ ಜಾಗ ಮಾಡಿಕೊಟ್ಟ. ಆಮೇಲೆ ಅಂದ, "ಅವ ಅಂದಿದ್ದು ಖರೆ, ನಾ ಕೇಳಿದ್ದು ಖರೆ, ಚಾಲೂ ಮಾಡಿದ್ದೂ ಖರೆ. ಕೆಲಸ ಹೋದ್ರ ಹೋಗವಲ್ದ್ಯಾಕ್ರೀ, ಇನ್ನೊಂದು ಇಂಜಿನ್ ಸಿಗತೈತಿ. ಹುಡುಗನ ಕೈ ಮುರದಾವ ಅಂತ ಹೆಸರು ಹಚ್ಚಿ ಕಳಸಬ್ಯಾಡ್ರಿ. ಆ ಹೆಸರಿನ ಮ್ಯಾಲ ಯಾವ ಜಿನ್ನಿನ್ಯಾಗೂ ನನಗ ಯಾರೂ ಇಂಜಿನ್ ಮುಟ್ಟಗೊಡೂದಿಲ್ಲ."

ಅವನಿಗೆ ಬೇಕಾದದ್ದು ಅಷ್ಟೇ. ಕೊಡಬಹುದಾದವನು ನಾನೊಬ್ಬನೇ.

ಜಿನ್ನಿಗೆ ಹೋದಾಗ ಮುಕಾದಮ ಬಾಯಿ ಅರಳೆ ತುಂಬಿದ ಸೆರಗನ್ನು ಝಾಡಿಸಿಕೊಳ್ಳುತ್ತ ಬಂದು ನಿಂತಳು. "ಕಾರಕೂನರ, ಒಂದ ಕೇಳ್ತೇನಿ. ನಿಮ್ಮ ಮನ್ಯಾಗ ಜ್ವಾಳದ ಹಗೇವು ಐತಿಲ್ಲೋ?"

"ಐತಿ."

"ಇಳಿಯೋ ಮುಂದ ನಡಕ್ಕ ಹಗ್ಗ ಕಟಗೋತಾರಿಲ್ಲ? ಮ್ಯಾಲ ಒಬ್ಬ ಹಿಡಕೊಂಡು ಕುಂದರತಾನ. ಒಳಗಿದ್ದಾವ ಬರೇ ಒದರಿದ್ರ ಆಗೂದಿಲ್ಲ, ಹಗ್ಗ ಜಗ್ಗಬೇಕು. ಮಾತಿನ ಮ್ಯಾಲ ಯಾರರ ಹಗೇವಿಗೆ ಇಳೀತಾರೇನ್ರೀ? ನೀವು ಬಂದು ಬರೇ ಮಾತು ಕೊಟ್ಟು ಹ್ವಾದ್ರಿ. ನಮಗರ ಹೊಳೀಬೇಕಿತ್ತು. ನಾವೂ ಹೂಂ ಅಂದ್ವಿ."

ಅವಳು ಆ "ನಾವೂ" ಸೇರಿಸಿದ್ದು ನನ್ನ ಮೇಲಿನ ಮರ್ಯಾದೆಗೆ. ಅಂದು ರಾತ್ರಿಯ ಪುಟದಲ್ಲಿ "ಕೈಗೆ ಏನಾದರೂ ಕೊಡಬೇಕು" ಎಂದಷ್ಟೇ ಇದೆ, ಅದು ನನ್ನದೇ ವಿಚಾರ ಎಂಬಂತೆ. ಅವಳ ಮಾತನ್ನು ಎರಡು ಪುಟ ಬಿಟ್ಟು, ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೇನೆ. ಯಾಕೆ ಹಾಗೆ ಮಾಡಿದೆ ಎಂಬುದಕ್ಕೆ ಈಗ ಉತ್ತರ ಹುಡುಕುವ ಹುರುಪಿಲ್ಲ.

ವರದಿಯಲ್ಲಿ ನಾನು ಹೆಸರು ಬರೆಯಲಿಲ್ಲ. ಏಳನೆಯ ನಿಯಮದ ಮಾತಿಗೆ ಎರಡು ಅರ್ಥಗಳಿವೆ, ಇಬ್ಬರೂ ಒಂದೊಂದನ್ನು ಸರಿಯಾಗಿಯೇ ಹಿಡಿದಿದ್ದಾರೆ, ಮಾತನ್ನು ಆರಿಸಿದವನು ನಾನು ಎಂದು ಬರೆದೆ. ಇಂಡಿಯ ಕಚೇರಿಯಲ್ಲಿ ಆಡಳಿತ ಮಂಡಳಿಯ ಸಭೆ ಸೇರಿದಾಗ ಓದಿದೆ. ಒಬ್ಬ ಸದಸ್ಯರು, ಹತ್ತಿಯ ವ್ಯಾಪಾರಿಗಳು, ನಡುವೆಯೇ ತಡೆದರು.

"ಏನ್ರೀ ಇದು, ಶಬ್ದಕ್ಕ ಸಜಾ ಕೊಡಬೇಕೇನು? ಎರಡ ಅರ್ಥ ಅಂತ ಈಗ ಕಟ್ಟೀರಿ. ಅಂವ ಕಾಯಲಿಲ್ಲ, ಅಷ್ಟ."

ಮಿಸ್ತ್ರಿ ಬಾಗಿಲ ಹತ್ತಿರ ನಿಂತಿದ್ದ. ಎಣ್ಣೆಯವನನ್ನೂ ಕರೆಸಿದ್ದರು, ಕೈ ಇನ್ನೂ ಕೊರಳಿಗೆ ಕಟ್ಟಿದ ಅರಿವೆಯಲ್ಲಿತ್ತು. ಅವನು ಒಳಗೆ ಬಂದ ಕೂಡಲೇ ಅಧ್ಯಕ್ಷರು, ಯಾರೇ ಬಂದರೂ ಕೇಳುವಂತೆ, ಮೊದಲು ಕುಶಲ ಕೇಳಿದರು.

"ಬಾರಪಾ. ಹ್ಯಾಂಗದೀ ಈಗ? ಮನ್ಯಾಗ ಹ್ಯಾಂಗದಾರ?"

"ಎಲ್ಲಾ ತಣ್ಣಗ ಅದೇವ್ರೀ," ಅಂದ ಅವನು.

ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಎಣ್ಣೆಯವನಿಗೆ ತಾನು ಏನು ಹೇಳಿದೆನೆಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ತಿಳಿದ ಮೇಲೆ ಅವನು ಬಾಗಿಲ ಕಡೆ ತಿರುಗಿ, ನಗುವಿನಂಥದ್ದೊಂದನ್ನು ಮಾಡಿ, "ಮಾವಾ, ನೋಡು ಮತ್ತ," ಅಂದ. ಮಿಸ್ತ್ರಿ ನಗಲಿಲ್ಲ. ತಡೆದಿದ್ದ ಆ ವ್ಯಾಪಾರಿ ಸದಸ್ಯರು ಎಲೆಯಡಿಕೆಯ ಚೀಲ ಬಿಚ್ಚಿದರು, ಮತ್ತೆ ಆ ಮಾತು ಎತ್ತಲಿಲ್ಲ.

ಮಿಸ್ತ್ರಿಯ ತಪ್ಪಿಲ್ಲ, ಅವನನ್ನು ತೆಗೆಯಬಾರದು ಎಂದು ಅಂದೇ ಠರಾವಾಯಿತು. ಏಳನೆಯ ನಿಯಮ ಬದಲಾಯಿತು: ಹಗೇವಿಗೆ ಇಳಿಯುವವನು ಇಂಜಿನ್ನಿನ ಹ್ಯಾಂಡಲ್ ತನ್ನ ಸಂಗಡ ಒಳಗೆ ಒಯ್ಯಬೇಕು, ಅವನು ಹತ್ತಿ ಬಂದು ಕೈಯಾರೆ ಕೊಡುವವರೆಗೆ ಇಂಜಿನ್ನು ಚಾಲೂ ಆಗುವಂತಿಲ್ಲ. ಕೂಗುವ ಮಾತು ಯಾವುದೂ ಇಲ್ಲ. ಇನ್ಸ್‌ಪೆಕ್ಟರು ಇದನ್ನೂ ಮೆಚ್ಚಿದರು. ಒಳ್ಳೆಯ ನಿಯಮವೇ. ಮರುವರ್ಷ ಬಾಗೇವಾಡಿಗೆ ಹೋದಾಗ, ಹೊತ್ತು ಉಳಿಯಲೆಂದು ಕಮ್ಮಾರನ ಕಡೆಯಿಂದ ಮಾಡಿಸಿದ ಎರಡನೆಯ ಹ್ಯಾಂಡಲೊಂದು ಬಾಗಿಲ ಹಿಂದೆ ಸಿಕ್ಕಿತು. ಅದನ್ನು ತೆಗೆಸಿದೆ. ಮೂರನೆಯದು ಇತ್ತೋ ಇಲ್ಲವೋ ಹುಡುಕಲಿಲ್ಲ.

ಮತ್ತೆ ಕೆಲಸಕ್ಕೆ ಬರಬೇಕೆಂಬ ಕಾಗದವನ್ನು ಮಿಸ್ತ್ರಿಗೆ ಒಯ್ದವನು ನಾನೇ. ಆ ಕಾಗದವನ್ನು ಬರೆದವನೂ ನಾನೇ, ಅಧ್ಯಕ್ಷರು ಹೇಳಿದಂತೆ, ಅಂಥ ಕಾಗದಗಳಿಗೆ ಒಂದು ಸಿದ್ಧ ಮಾದರಿ ಇರುತ್ತದಲ್ಲ, ಹಾಗೆ. ಅವನು ಕನ್ನಡ ಶಾಲೆ ಕಲಿತವನು, ಬೆರಳಿಟ್ಟು ಸಾವಕಾಶ ಓದಿದ. ಒಂದು ಕಡೆ ಬೆರಳು ನಿಂತಿತು.

"ಇಲ್ಲೆ ಏನೈತ್ರೀ ಇದು? 'ಇವರನ್ನು ಕ್ಷಮಿಸಿ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ'?"

"ಅದು ಬರಿಯೋ ರೀತಿ."

"ಕ್ಷಮಾ ಯಾರಿಗೆ ಮಾಡ್ತಾರ್ರೀ?"

ಅವನು ಆ ಶಬ್ದದ ಮೇಲಿಂದ ಬೆರಳು ತೆಗೆಯಲಿಲ್ಲ.

"ತಪ್ಪಿಲ್ಲ ಅಂತ ಠರಾವು ಆಗೇತಿ ಅಂದ್ರಿ. ಅದನ್ನ ಎಲ್ಲಿ ಬರದೀರಿ?"

ಬಹಳ ವರ್ಷ ನನ್ನ ನೆನಪಿನಲ್ಲಿ ಇದರ ಮುಂದಿನದು ಸ್ಪಷ್ಟವಾಗಿತ್ತು. ಜೇಬಿನಿಂದ ಪೆನ್ನು ತೆಗೆದು, "ಕ್ಷಮಿಸಿ" ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದು, ಪಕ್ಕದಲ್ಲಿ ನನ್ನ ಚಿಕ್ಕ ಸಹಿ ಹಾಕಿ ಕೊಟ್ಟೆ. ಮಿಸ್ತ್ರಿ ಕಾಗದ ಮಡಿಚಿ ಎದೆಯ ಜೇಬಿನಲ್ಲಿಟ್ಟ. ಇದನ್ನು ನಾನು ಒಬ್ಬಿಬ್ಬರಿಗೆ ಹೇಳಿಯೂ ಇದ್ದೇನೆ. ಮೊನ್ನೆ ಆ ದಿನದ ಪುಟ ತೆಗೆದು ನೋಡಿದೆ. ಮೂರೇ ಸಾಲು.

"ಮುದ್ದೇಬಿಹಾಳ. ಮಿಸ್ತ್ರಿ ಕ್ಷಮಿಸಿ ಎಂಬುದಕ್ಕೆ ತಕರಾರು ತೆಗೆದ. ಮೇಲೆ ಕೇಳಿ ಹೇಳುತ್ತೇನೆ ಎಂದೆ, ಸಹಿ ಮಾಡಿದ."

ಮೇಲಿನವರು ಯಾರನ್ನಾದರೂ ಕೇಳಿದ ಬಗ್ಗೆ ಮುಂದಿನ ಪುಟಗಳಲ್ಲಿ ಏನೂ ಇಲ್ಲ. ಮಿಸ್ತ್ರಿ ಮತ್ತೆ ಕೇಳಲಿಲ್ಲ. ಇನ್ನೂ ಆರು ಸೀಸನ್ನು ಅವನು ಆ ಇಂಜಿನ್ನನ್ನು ನಡೆಸಿದ. ನಾನು ಹೋದಾಗಲೆಲ್ಲ ಕುರ್ಚಿ ಹಾಕಿ, ಚಹಾ ತರಿಸಿ, ಏನು ಕೇಳಿದರೂ ಹೌದ್ರಿ, ಇಲ್ಲರಿ ಎನ್ನುವುದರಲ್ಲಿ ಮುಗಿಸುತ್ತಿದ್ದ.